ಹಗಲು ಬಿಚ್ಚಬಾರದ ಪರದೆ

ರಾತ್ರಿಯ ಪರದೆಯನ್ನು ಹಗಲು ಬಿಚ್ಚಬಾರದು. ಮದುವೆಯಾಗಿ ಮಧುಗಿರಿಗೆ ಬಂದ ಮೊದಲ ವಾರವೇ ನಾನು ಕಲಿತ ಪಾಠ ಇದು, ಕಲಿತದ್ದು ಬೈಸಿಕೊಂಡು. ಪಡಸಾಲೆಯ ಅಟ್ಟದ ಮೇಲೆ ಉದ್ದನೆಯ ಬಿದಿರಿಗೆ ಸುತ್ತಿಟ್ಟ ಬಟ್ಟೆಯೊಂದಿತ್ತು. ಹೊಸ ಸೊಸೆ, ಕೆಲಸ ತೋರಿಸಬೇಕಲ್ಲ! ಧೂಳು ಝಾಡಿಸಿ ಬಿಸಿಲಿಗೆ ಹಾಕೋಣವೆಂದು ಪಕ್ಕದ ಮನೆಯಾಕೆಯ ಕೈಲಿ ಒಂದು ಕೊನೆ ಹಿಡಿಸಿ ಅಂಗಳಕ್ಕೆ ತಂದೆ. ಎರಡು ಮೊಳ ಬಿಚ್ಚುವುದರೊಳಗೆ ನಮ್ಮ ಮಾವನವರು ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಓಡಿ ಬಂದರು.

"ಮುಚ್ಚವ್ವಾ, ಮುಚ್ಚು! ಸೂರ್ಯ ನೋಡ್ಬುಟ್ನಾ?"

ಸೂರ್ಯ ನೋಡಿದರೆ ಏನಂತೆ, ಅವನೇನು ಬಟ್ಟೆ ತಿನ್ನುತ್ತಾನೆಯೇ ಎಂದು ನನಗೆ ಸಿಟ್ಟು ಬಂತು. ಲೋಯರ್ ಸೆಕೆಂಡರಿ ಪಾಸಾದವಳು ನಾನು, ಕೊರಟಗೆರೆಯಲ್ಲಿ ನಮ್ಮಪ್ಪ ಸ್ಕೂಲು ಮೇಷ್ಟ್ರು. ಇಂಥ ಗೊಡ್ಡು ಮಾತಿಗೆಲ್ಲ ತಲೆ ಬಾಗಿಸುವ ಅಭ್ಯಾಸ ಇರಲಿಲ್ಲ. ಆದರೂ ಸುತ್ತಿಟ್ಟೆ.

ನಮ್ಮದು ನಾಟಕದ ಪರದೆ ಬರೆಯುವ ಮನೆ. ಬೇಸಿಗೆಯಲ್ಲಿ ಸುಗ್ಗಿ ಮುಗಿದ ಮೇಲೆ ಹಳ್ಳಿಗಳಲ್ಲಿ ನಾಟಕ ಕಲಿಯುವ ಹುಚ್ಚು ಏಳುತ್ತದಲ್ಲ, ಆಗ ಸಿರಾ, ಪಾವಗಡ, ಹುಲಿಕುಂಟೆ ಕಡೆಯಿಂದೆಲ್ಲ ಜನ ಬಂದು ಮಾವನವರ ಜಗಲಿಯಲ್ಲಿ ಕೂರುತ್ತಿದ್ದರು. ಅರಮನೆ ಪರದೆ, ಬೀದಿ ಪರದೆ, ಕಾಡಿನ ಪರದೆ. ಇವನ್ನು ಬರೆಯುವವರು ತುಮಕೂರಿನಲ್ಲೂ ಇದ್ದರು. ರಾತ್ರಿಯ ದಾರಿಯ ಪರದೆಗೆ ಮಾತ್ರ ನಮ್ಮ ಮನೆಗೇ ಬರಬೇಕಿತ್ತು. ಒಂದು ದಾರಿ, ಎರಡು ಕಡೆ ಹುಣಸೆಮರ, ದೂರದಲ್ಲಿ ಬೆಟ್ಟ, ಎಲ್ಲದರ ಮೇಲೂ ಬೆಳದಿಂಗಳು. ಇಷ್ಟೇ. ಮಾವನವರು ಅದನ್ನು ಬರೆಯುತ್ತಿದ್ದರು, ಅವರಿಂದ ನಮ್ಮ ಯಜಮಾನರು ಕಲಿತರು.

ಸೂರ್ಯನಿಗೆ ಯಾಕೆ ತೋರಿಸಬಾರದು ಎಂಬುದನ್ನು ಯಜಮಾನರು ಆ ರಾತ್ರಿಯೇ ನನಗೆ ಬಿಡಿಸಿ ಹೇಳಿದರು. ಹೊಸ ಹೆಂಡತಿಯ ಮುಖ ಗಂಟಿಕ್ಕಿದ್ದನ್ನು ನೋಡಿ ಹೆದರಿದ್ದರು ಅಂತ ಕಾಣುತ್ತದೆ. ಹಳ್ಳಿಯ ನಾಟಕ ನಡೆಯುವುದು ಪಂಜಿನ ಬೆಳಕಿನಲ್ಲಿ. ಪಂಜಿನ ಬೆಳಕು ಅರಿಶಿನದ್ದು. ಆ ಬೆಳಕಿಗೆ ಹಳದಿ ಬೆಳ್ಳಗಾಗುತ್ತದೆ, ಹಸಿರು ಬೂದಿಯಾಗುತ್ತದೆ, ನೀಲಿ ಕಪ್ಪಿಗೆ ತಿರುಗುತ್ತದೆ. ಆದ್ದರಿಂದ ರಾತ್ರಿಯ ಆಕಾಶಕ್ಕೆ ಕಪ್ಪು ಬಳಿದರೆ ಕಾಣುವುದು ಆಕಾಶವಲ್ಲ, ಒಲೆಯ ಹಿಂದಿನ ಗೋಡೆ. ಕಣ್ಣು ಕುಕ್ಕುವಂಥ ನೀಲಿ ಬಳಿಯಬೇಕು. ದಾರಿಗೆ ಸೀಮೆಸುಣ್ಣದ ಪುಡಿಯಲ್ಲಿ ಚಿಟಿಕೆ ನೀಲಿ ಕಲಸಿ ಬಳಿಯಬೇಕು. ಹಗಲಿನಲ್ಲಿ ನೋಡಿದರೆ ಅದು ನಡುಮಧ್ಯಾಹ್ನದ ದಾರಿಯ ಹಾಗಿರುತ್ತದೆ. ನೋಡಿದ ಕೈ ಸುಮ್ಮನಿರುವುದಿಲ್ಲ, ತಿದ್ದಲು ಹೋಗುತ್ತದೆ, ತಿದ್ದಿದರೆ ರಾತ್ರಿ ಕೆಡುತ್ತದೆ. ಅದಕ್ಕೇ ದೀಪದಲ್ಲಿ ಬರೆದದ್ದನ್ನು ಕೋಳಿ ಕೂಗುವ ಮೊದಲೇ ಸುತ್ತಿಡಬೇಕು, ಮತ್ತೆ ದೀಪ ಹಚ್ಚಿದ ಮೇಲೇ ಬಿಚ್ಚಬೇಕು. ಬರೆದವನೂ ನೋಡಬಾರದು.

"ಮತ್ತೆ ಚಂದ್ರ?" ಎಂದು ಕೇಳಿದೆ. ಆ ಪರದೆಗಳಲ್ಲಿ ಚಂದ್ರನೇ ಇರುತ್ತಿರಲಿಲ್ಲ.

"ನಿನ್ ಬೆನ್ನಿಂದೆ ಅವ್ನೆ," ಎಂದರು. "ಮುಂದ್ಗಡೆ ನಿಲ್ಸುದ್ರೆ ಎಲ್ರೂ ಅವ್ನ ಮಕಾನೇ ನೋಡ್ತಾರೆ, ದಾರಿ ಯಾರು ನೋಡ್ತಾರೆ?"

ಚಂದ್ರ ಬೇಕೇ ಬೇಕೆಂದು ಜಗಳ ಮಾಡಿದ ಹಳ್ಳಿಗಳೂ ಇದ್ದವು. ದುಡ್ಡು ಕೊಟ್ಟು ಬರೆಸಿ ಚಂದ್ರನೂ ಇಲ್ಲದಿದ್ದರೆ ಹೇಗೆ ಸಾಮಿ ಎನ್ನುತ್ತಿದ್ದರು. ಮಾವನವರು ಜಗ್ಗುತ್ತಿರಲಿಲ್ಲ.

ನಮ್ಮ ಮನೆಯವರು ದಾರಿಯನ್ನು ನೋಡುತ್ತಿದ್ದ ರೀತಿಯೂ ಬೇರೆ. ಬೇಸಿಗೆಯಲ್ಲಿ ಗಾಡಿಗಳು ಹೊರಡುವುದು ಬಿಸಿಲು ಇಳಿದ ಮೇಲೆ. ಎತ್ತಿಗೆ ದಾರಿ ಗೊತ್ತು, ಗಾಡಿ ಹೊಡೆಯುವವನು ತೂಕಡಿಸುತ್ತಾನೆ, ನಾವು ಹುಲ್ಲಿನ ಮೇಲೆ ಮಲಗಿ ಕಮಾನಿನ ಹಿಂಬಾಗಿಲಿನಿಂದ ಹೊರಗೆ ನೋಡುತ್ತೇವೆ. ಆಗ ಕಾಣುವುದು ಬರುವ ದಾರಿಯಲ್ಲ, ಬಿಟ್ಟು ಬಂದ ದಾರಿ. ಯಜಮಾನರು ಬರೆಯುತ್ತಿದ್ದುದೂ ಅದನ್ನೇ. ಮಿಡಿಗೇಶಿ ಕಡೆ, ಪಾವಗಡದ ಕಡೆ ಎಂದು ಬೆಳದಿಂಗಳ ದಿನಗಳಲ್ಲಿ ಯಾರದೋ ಹುಣಸೆಹಣ್ಣಿನ ಗಾಡಿ ಹತ್ತಿ ಹಿಂದೆ ಕಾಲು ಇಳಿಬಿಟ್ಟು ಕೂತು ಹೋಗಿಬಿಡುತ್ತಿದ್ದರು. ಕೈಯಲ್ಲಿ ಕಾಗದವಿಲ್ಲ, ಪೆನ್ಸಿಲ್ಲಿಲ್ಲ. ಮಾರನೆಯ ದಿನ ಬಂದು "ಹುಣಸೆಮರದ ನೆರಳು ದಾರಿ ಮೇಲೆ ಬಿದ್ದಾಗ ನೀಲಿ ಅಲ್ಲ ಕಣೇ, ನೇರಳೆ" ಎನ್ನುತ್ತಿದ್ದರು. ಮನೆಯಲ್ಲಿ ರಾಗಿ ಮುಗಿದಿದೆ ಎಂದು ನಾನು. ನೇರಳೆಯಲ್ಲಿ ಮುದ್ದೆ ಆಗುತ್ತದೆಯೇ?

ಹೀಗೆ ರೇಗುತ್ತಿದ್ದೆನಾದರೂ ಒಳಗೊಳಗೆ ನನಗೆ ಆ ನೇರಳೆ ಗೊತ್ತಿತ್ತು. ರಾತ್ರಿಯ ದಾರಿಯನ್ನು ನಾನೂ ಒಮ್ಮೆ ನೋಡಿದ್ದೆ. ಮದುವೆಯಾದ ಮೇಲೆ ಕೊರಟಗೆರೆಯಿಂದ ಮಧುಗಿರಿಗೆ ಕರೆತಂದದ್ದು ಬೆಳದಿಂಗಳಿನಲ್ಲಿ. ಗಾಡಿಯಲ್ಲಿ ಯಜಮಾನರು ಒಂದು ಮೂಲೆ, ನಾನೊಂದು ಮೂಲೆ, ಇಬ್ಬರೂ ಹಿಂದಕ್ಕೇ ಮುಖ ಮಾಡಿಕೊಂಡು ಕೂತಿದ್ದೆವು. ನಮ್ಮಪ್ಪ ಲಾಂದ್ರ ಹಿಡಿದುಕೊಂಡು ಗಾಡಿಯ ಹಿಂದೆ ನಡೆದು ಬಂದರು. ಬೆಳದಿಂಗಳಿಗೆ ಲಾಂದ್ರ ಯಾಕೆ ಎಂದು ಯಾರೋ ನಕ್ಕರು. ಊರ ಹೊರಗಿನ ದೊಡ್ಡ ಬಾವಿಯವರೆಗೆ ಬಂದು ನಿಂತರು. ಗಾಡಿ ಮುಂದೆ ಹೋಯಿತು. ಲಾಂದ್ರ ಸಣ್ಣಗಾಗುತ್ತ ಸಣ್ಣಗಾಗುತ್ತ ಒಂದು ಸಾಸಿವೆ ಕಾಳಿನಷ್ಟಾದರೂ ಅಲ್ಲೇ ಇತ್ತು, ತಿರುವಿನಲ್ಲಿ ಮರೆಯಾಗುವವರೆಗೂ. ಆ ಮಳೆಗಾಲದಲ್ಲಿ ನಮ್ಮಪ್ಪ ಚಳಿಜ್ವರ ಬಂದು ತೀರಿಕೊಂಡರು. ಅವರನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ, ಒಂದು ಚುಕ್ಕೆಯಾಗಿ.

ಮಾವನವರು ಹೋದ ಮೇಲೆ ಯಜಮಾನರೇ ಎಲ್ಲ ಪರದೆಗಳನ್ನು ಬರೆಯತೊಡಗಿದರು. ಯುದ್ಧ ಶುರುವಾಗಿ ಸೀಮೆಎಣ್ಣೆಗೆ ಕಂಟ್ರೋಲು ಬಂತು. ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು, ಏರು ಬಂದರೆ ಇಳಿದು ತಳ್ಳಬೇಕಿತ್ತು. ಸ್ವಲ್ಪ ಕಾಲ ಸೀಮೆಎಣ್ಣೆಯ ಗ್ಯಾಸ್‌ಲೈಟಿನ ಮೋಜು ನೋಡಿದ್ದ ಹಳ್ಳಿಗಳೆಲ್ಲ ಮತ್ತೆ ಹೊಂಗೆ ಎಣ್ಣೆಯ ಪಂಜಿಗೇ ಬಂದವು. ನಮಗೆ ಅದು ಒಳ್ಳೆಯದೇ ಆಯಿತು. ಪಂಜಿನ ಬೆಳಕಿಗೆ ಬರೆಯಬಲ್ಲ ಮನೆ ನಮ್ಮದೊಂದೇ.

ಅದೇ ಕಾಲದಲ್ಲಿ ಯಜಮಾನರು ಸಂಜೆಯ ಹೊತ್ತು ಎಡವತೊಡಗಿದರು. ಒರಳುಕಲ್ಲಿಗೆ ಎಡವಿದರು, ಹೊಸ್ತಿಲಿಗೆ ಎಡವಿದರು, ದನದ ಮೇಲೆ ಬಿದ್ದರು. ನಾನು ಏನೆಂದು ತಿಳಿಯಲಿ? ಸೊಂಟಕ್ಕೆ ಸೆರಗು ಕಟ್ಟಿ ಕೇಳಿಯೇಬಿಟ್ಟೆ, "ಕಳ್ಳು ಕುಡ್ಕೊಂಡು ಬಂದಿದೀರಾ?" ಅವರ ಬಾಯಿ ಹತ್ತಿರ ಹೋಗಿ ಮೂಸಿ ನೋಡಿದೆ, ಎಲೆಅಡಿಕೆಯ ವಾಸನೆ ಬಿಟ್ಟರೆ ಏನೂ ಇಲ್ಲ. ಒಂದು ರಾತ್ರಿ ದೀಪದ ಮುಂದೆ ಕೂತು ಬರೆಯುತ್ತಿದ್ದವರು ಕುಂಚವನ್ನು ನೀಲಿಯ ಬಟ್ಟಲಿಗೆ ಅದ್ದುವ ಬದಲು ಹಣತೆಯ ಎಣ್ಣೆಗೆ ಅದ್ದಿದರು. ಅದ್ದಿ ಆಕಾಶಕ್ಕೆ ಹಚ್ಚಿದರು. ಎಣ್ಣೆ ಹರಡುತ್ತಲೇ ಇದೆ, ಅವರು ಹಚ್ಚುತ್ತಲೇ ಇದ್ದಾರೆ. ಆಗ ನಾನು ಅವರ ಕೈ ಹಿಡಿದೆ.

"ಕಾಣಾಕಿಲ್ಲ ಕಣೇ," ಎಂದರು, ಮುಖ ತಿರುಗಿಸದೆ. "ಅಗಲೊತ್ತು ಸೂಜಿ ಪೋಣುಸ್ತೀನಿ. ಹೊತ್ತು ಮುಳುಗುದ್ರೆ ಏನೂ ಇಲ್ಲ."

ಇರುಳುಗಣ್ಣು. ಸಿರಾದ ಹಕೀಮರು ಕಣ್ಣಿನ ರೆಪ್ಪೆ ಎತ್ತಿ ನೋಡಿ, "ಬೇಟಿ, ಬಕ್ರಿ ಕಲೇಜಿ ತಿನ್ಸು ಇವ್ರಿಗೆ, ರೋಜ್ ರೋಜ್," ಎಂದರು. ದಿನಾಲೂ ಮೇಕೆಯ ಯಕೃತ್ತು, ನಾವು ಈಲಿ ಎನ್ನುವುದು, ತಿನ್ನಿಸಬೇಕಂತೆ. ತಿನ್ನಿಸಿದೆ. ಅಗಸೆ ಸೊಪ್ಪು, ನುಗ್ಗೆ ಸೊಪ್ಪು, ಕುರಿ ಕಾಯುವವರ ಹಟ್ಟಿಯಿಂದ ಕೇಳಿ ತಂದ ಈಲಿ, ಏನೆಲ್ಲ ಆಯಿತು. ಹಟ್ಟಿಯ ಮಂದೆ ಕರಗಿತೇ ಹೊರತು ಕಣ್ಣು ಬರಲಿಲ್ಲ. ಹೊರಗೆ ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡರು. ರಾತ್ರಿಯನ್ನು ಬರೆಯುವವನಿಗೇ ರಾತ್ರಿ ಕಾಣುವುದಿಲ್ಲ ಎಂದು ಗೊತ್ತಾದರೆ ಯಾರು ಪರದೆ ಬರೆಸುತ್ತಾರೆ? ಹಗಲಿನಲ್ಲಿ ಅರಮನೆ, ಬೀದಿ ಪರದೆ ಬರೆದುಕೊಂಡು ಬದುಕಬಹುದಿತ್ತು, ನಿಜ. ಆದರೆ ಅವರಿಗೆ ಅದು ಬದುಕಾಗಿ ಕಾಣುತ್ತಿರಲಿಲ್ಲ. ಅವರಪ್ಪ ಕೊಟ್ಟು ಹೋದದ್ದು ಆ ಒಂದು ದಾರಿಯನ್ನು.

ಸಂಜೆಯ ಮೇಲೆ ಹೊರಗೆ ಹೋಗಬೇಕಾದರೆ ನಾನು ಮುಂದೆ, ಅವರು ಹಿಂದೆ, ನನ್ನ ಸೆರಗಿನ ತುದಿ ಅವರ ಕೈಯಲ್ಲಿ. ಮಧುಗಿರಿಯ ಪೇಟೆಯಲ್ಲಿ ನಗುವವರಿಗೆ ಹಬ್ಬ. "ಹೆಂಡ್ರು ಸೆರಗು ಹಿಡ್ಕೊಂಡು ಓಯ್ತಾವ್ನೆ ನೋಡ್ಲಾ," ಎಂದು ನಾವು ಕೇಳುವ ಹಾಗೇ ಹೇಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅವರು ನಗುತ್ತಿದ್ದರು. "ಅನ್ಲಿ ಬುಡು. ಕುರುಡ ಅನ್ನೋದ್ಕಿಂತ ಇದೇ ವಾಸಿ," ಎನ್ನುತ್ತಿದ್ದರು.

ಇಂಥ ಹೊತ್ತಿನಲ್ಲಿ ಮಿಡಿಗೇಶಿಯ ಆಚೆಯ ಒಂದು ಹಳ್ಳಿಯಿಂದ ನಾಟಕದ ಮೇಷ್ಟ್ರು ಬಂದರು. ಹಳ್ಳಿಯವರಿಗೆ ಪಾಠ ಹೇಳಿಕೊಟ್ಟು ಹಾರ್ಮೋನಿಯಂ ನುಡಿಸುವವರು ಅವರೇ. ಅವರ ಊರಿನ ರಾತ್ರಿ ಪರದೆಯನ್ನು ಗೆದ್ದಲು ತಿಂದಿತ್ತು. ಅದು ನಮ್ಮ ಮಾವನವರು ಬರೆದದ್ದು. ರಾಜನೊಬ್ಬ ರಾಜ್ಯ ಕಳೆದುಕೊಂಡು, ಹೆಂಡತಿಯ ಜೊತೆ ಕತ್ತಲಲ್ಲಿ ಊರು ಬಿಟ್ಟು ಹೋಗುವ ದೃಶ್ಯಕ್ಕೆ ಆ ಪರದೆಯೇ ಬೇಕಂತೆ, ಅದಿಲ್ಲದೆ ಹೆಂಗಸರು ಅಳುವುದೇ ಇಲ್ಲವಂತೆ. "ನಿಮ್ಮಪ್ಪಾರು ಬರ್ದಂಗೇ ಇರ್ಬೇಕು ಕಣಪ್ಪಾ," ಎಂದರು ಮೇಷ್ಟ್ರು.

ನಾನು ಬಾಗಿಲ ಸಂದಿಯಿಂದ ಆಗುವುದಿಲ್ಲವೆಂದು ಕೈಸನ್ನೆ ಮಾಡುತ್ತಿದ್ದೆ. ಹಗಲಾಗಿತ್ತು, ಅವರಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೂ ಒಪ್ಪಿಕೊಂಡರು.

ಮೇಷ್ಟ್ರು ಹೋದ ಮೇಲೆ ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಯಾರು ಬರೆಯುತ್ತಾರೆ, ನಿಮ್ಮ ತಾತ ಬರುತ್ತಾನಾ ಎಂದೆ. ಅವರು ಸಾವಧಾನವಾಗಿ, "ನೀನೇ ಬರೀಬೇಕು," ಎಂದರು. "ರಂಗೋಲಿ ಬುಡ್ತೀಯಲ್ಲ, ಅಂಗೇ ಕೂತ್ಕೊಂಡು ಬರಿ. ನಿನ್ ಕಣ್ಣು, ನಿನ್ ಕೈ. ನಾನ್ ಹೇಳ್ತೀನಿ."

ನಮ್ಮ ಓಣಿಯ ಕೊನೆಯಲ್ಲಿ ಪಾಳುಬಿದ್ದ ಛತ್ರವಿತ್ತು. ಅದರ ಒಳಗಿನ ಹಜಾರದಲ್ಲಿ ಮಾದರಪಾಟು ಬಟ್ಟೆ ಹೊಲಿದು ಹಾಸಿ, ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿದೆವು. ಬಣ್ಣ ಬೀಳುವ ಮೊದಲು, ಹಗಲಿನಲ್ಲಿ, ಇದ್ದಿಲಿನಿಂದ ಗೆರೆಗಳನ್ನು ಅವರೇ ಎಳೆದರು. ಅದಕ್ಕೆ ನಿಯಮದ ಅಡ್ಡಿಯಿರಲಿಲ್ಲ. ದಾರಿ ಎಲ್ಲಿಂದ ಹೊರಟು ಎಲ್ಲಿ ಸಣ್ಣಗಾಗಬೇಕು, ಬೆಟ್ಟದ ನೆತ್ತಿ ಎಲ್ಲಿ, ಮರಗಳೆಲ್ಲಿ ಎಂದು ಹಾಕಿ ಕೈ ಕೊಡವಿಕೊಂಡರು. ಆಮೇಲಿನದೆಲ್ಲ ದೀಪದ ಕೆಲಸ, ಅಂದರೆ ನನ್ನದು.

ಮನೆಯ ಕೆಲಸ ಮುಗಿಸಿ, ಹರಳೆಣ್ಣೆಯ ಎರಡು ಹಣತೆ ಇಟ್ಟುಕೊಂಡು, ಬಟ್ಟೆಯ ಮೇಲೇ ಕುಕ್ಕರುಗಾಲಲ್ಲಿ ಕೂತು ಬಳಿಯುತ್ತಿದ್ದೆ. ಅವರು ಕಂಬಕ್ಕೆ ಒರಗಿ ಕೂತು, ಎತ್ತಲೋ ನೋಡುತ್ತ, ಕೇಳುತ್ತಿದ್ದರು. "ಆಕಾಶ ಈಗ ಯಾವ್ದರಂಗೈತೆ?" ಬಾಣಲೆ ತಳದಂಗೆ ಎಂದರೆ ಇನ್ನಷ್ಟು ನೀಲಿ ಹಾಕು ಎನ್ನುತ್ತಿದ್ದರು. ಹಾಕುತ್ತಿದ್ದೆ. "ಈಗ?" ನೆನೆದ ಕಂಬಳಿಯಂಗೆ. "ಇನ್ನೂ ಹಾಕು." ಕೊನೆಗೊಮ್ಮೆ ನನಗೇ ಹೇಳಲು ಏನೂ ಹೋಲಿಕೆ ಸಿಗದೆ, "ಆಕಾಶದಂಗೇ ಐತೆ," ಎಂದೆ. "ಸಾಕು, ಇನ್ ಮುಟ್ಬ್ಯಾಡ," ಎಂದರು. ಅಟ್ಟ ಹತ್ತುವ ಏಣಿಯನ್ನು ತಂದಿಟ್ಟಿದ್ದರು. ಪ್ರತಿ ಗಳಿಗೆಗೂ ನಾನು ಅದನ್ನು ಹತ್ತಿ ಮೇಲಿನಿಂದ ನೋಡಿ ಹೇಳಬೇಕಿತ್ತು. ಸೀರೆ ಉಟ್ಟು ಏಣಿ ಹತ್ತಿ ಇಳಿದು ಮೊಣಕಾಲು ಸೋತು ಹೋಯಿತು. ಬೈಯುತ್ತಲೇ ಹತ್ತುತ್ತಿದ್ದೆ.

ಕೋಳಿ ಕೂಗುವ ಮೊದಲು ಇಬ್ಬರೂ ಸೇರಿ ಸುತ್ತಿ, ದಾರ ಕಟ್ಟಿ ಇಡುತ್ತಿದ್ದೆವು. ನನಗೊಂದು ಗುಮಾನಿ. ಇವರು ಹಗಲು ಬಿಚ್ಚಿ ನೋಡುತ್ತಾರೆ, ನೋಡದೆ ಇರಲಾರರು ಎಂದು. ಅವರಿಗೆ ಕಾಣುವುದೇ ಹಗಲು, ತಮ್ಮ ಹೆಸರಿನಲ್ಲಿ ಹೆಂಡತಿ ಏನು ಬಳಿದಿಟ್ಟಿದ್ದಾಳೋ ಎಂಬ ಆತಂಕ ಯಾರಿಗಿರುವುದಿಲ್ಲ? ದಾರಕ್ಕೆ ನನ್ನದೇ ಒಂದು ಗಂಟು ಹಾಕಿ, ಗಂಟಿನೊಳಗೆ ಒಂದು ರಾಗಿಕಾಳು ಸಿಕ್ಕಿಸಿ ಇಡುತ್ತಿದ್ದೆ. ಪ್ರತಿ ಸಂಜೆ ಬಂದು ನೋಡಿದರೆ ಕಾಳು ಇದ್ದಲ್ಲೇ ಇರುತ್ತಿತ್ತು. ಒಂದು ದಿನ ತಡೆಯಲಾರದೆ, "ನೋಡಿಬುಡಿ ಅತ್ಲಾಗೆ, ಯಾರು ಕೇಳ್ತಾರೆ?" ಎಂದೆ.

"ನೋಡುದ್ರೆ ಕೈ ಸುಮ್ಕಿರಲ್ಲ," ಎಂದರು. ಅಷ್ಟೇ.

ಆ ಮಾತಿನಿಂದ ನನಗೆ ಸಿಟ್ಟೂ ಬಂತು, ಅಳುವೂ ಬಂತು. ನನ್ನ ಕೈಯನ್ನು ಇಷ್ಟು ನಂಬಿದವರು ಅದುವರೆಗೆ ಯಾರೂ ಇರಲಿಲ್ಲ.

ಕೊನೆಯ ರಾತ್ರಿ ಎಲ್ಲ ಮುಗಿಯಿತು. ಅವರು ಕಂಬಕ್ಕೆ ಒರಗಿದ್ದ ಹಾಗೇ ನಿದ್ದೆ ಹೋಗಿದ್ದರು. ಏಣಿಯ ಮೇಲೆ ಕೂತು ನೋಡಿದೆ. ದಾರಿ ಇತ್ತು, ಮರಗಳಿದ್ದವು, ನೇರಳೆ ನೆರಳಿತ್ತು. ದಾರಿ ಸಣ್ಣಗಾಗಿ ತಿರುಗುವ ಜಾಗ ಮಾತ್ರ ಬಿಕೋ ಎನ್ನುತ್ತಿತ್ತು. ಇಳಿದು ಹೋಗಿ, ಅರಿಶಿನಕ್ಕೆ ಚೂರು ಸುಣ್ಣದ ಪುಡಿ ಕಲಸಿ, ಕಡ್ಡಿಯ ತುದಿಯಲ್ಲಿ ಅಲ್ಲೊಂದು ಚುಕ್ಕೆ ಇಟ್ಟೆ. ಸಾಸಿವೆ ಕಾಳಿನಷ್ಟೇ ಇಟ್ಟರೆ ದೂರಕ್ಕೆ ಕಾಣುವುದಿಲ್ಲವೆಂದು ಗೋಲಿಯಷ್ಟು ಮಾಡಿದೆ. ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಬೇಡ ಎನ್ನುತ್ತಿದ್ದರೋ ಏನೋ.

ನಾಟಕದ ದಿನ ಪರದೆಯನ್ನು ಗಾಡಿಯ ಮೇಲೆ ಹೇರಿಕೊಂಡು ನಾವಿಬ್ಬರೂ ಹೋದೆವು. ಹೋಗಿ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಸೆರಗು ಅವರ ಕೈಗೆ ಕೊಟ್ಟು ನಡೆಸಿಕೊಂಡು ಹೋದೆ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಕೂರುವ ಊರು ಅದು. ನಾನು ನಾಚಿಕೆ ಬಿಟ್ಟು ಗಂಡಸರ ಸಾಲಿನ ಕೊನೆಯಲ್ಲಿ ಅವರ ಪಕ್ಕದಲ್ಲೇ ಕೂತೆ. ಬಿಟ್ಟು ಹೋದರೆ ಎದ್ದು ಎತ್ತ ಹೋಗುತ್ತಾರೋ. ಅಕ್ಕಪಕ್ಕದವರು ಕಣ್ಣಲ್ಲೇ ನನ್ನನ್ನು ಹುರಿದು ಮುಕ್ಕಿದರು.

ಅಷ್ಟರಲ್ಲಿ ರಂಗದ ಎರಡು ಕಡೆಯಿಂದ ಸುಯ್ ಎಂದು ಸದ್ದು ಬಂತು. ಗ್ಯಾಸ್‌ಲೈಟು. ಒಂದಲ್ಲ, ಎರಡು. ಜನ ಹೋ ಎಂದು ಕೂಗಿ ಸಿಳ್ಳೆ ಹೊಡೆದರು. ಮೂರು ತಿಂಗಳಿಂದ ಮನೆಮನೆಯವರೂ ಕಂಟ್ರೋಲಿನ ಸೀಮೆಎಣ್ಣೆ ಉರಿಸದೆ, ಕತ್ತಲಲ್ಲೇ ಉಂಡು ಮಲಗಿ, ಬುಡ್ಡಿ ಬುಡ್ಡಿಯಾಗಿ ಕೂಡಿಟ್ಟಿದ್ದರಂತೆ, ನಾಟಕದ ರಾತ್ರಿ ಎಲ್ಲರಿಗೂ ಸೋಜಿಗವಾಗಲಿ ಎಂದು. ಗ್ಯಾಸ್‌ಲೈಟಿನ ಬೆಳಕು ಬೆಳ್ಳಗಿನದು. ಅದೂ ಸೂರ್ಯನ ಕಡೆಯದೇ.

ಪಕ್ಕದಲ್ಲಿ ಯಜಮಾನರು ಕಣ್ಣುಜ್ಜಿಕೊಂಡರು. "ಕಾಣ್ತಾ ಐತೆ ಕಣೇ," ಎಂದರು ಮೆಲ್ಲಗೆ. "ಅಷ್ಟು ಬೆಳಕೈತೆ, ಎಲ್ಲಾ ಕಾಣ್ತಾ ಐತೆ." ಎಷ್ಟೋ ತಿಂಗಳ ಮೇಲೆ ಅವರು ರಾತ್ರಿಯ ಹೊತ್ತು ಮನುಷ್ಯರ ಮುಖ ನೋಡುತ್ತಿದ್ದರು. ನನ್ನ ಕಡೆ ತಿರುಗಿ ನನ್ನನ್ನೂ ನೋಡಿದರು. ನನಗೆ ಸಂತೋಷಪಡಬೇಕೋ ಹೆದರಬೇಕೋ ತಿಳಿಯಲಿಲ್ಲ.

ಅರಮನೆ ಆಯಿತು, ಬೀದಿ ಆಯಿತು. ರಾಜ ರಾಜ್ಯ ಕಳೆದುಕೊಂಡ. ನಮ್ಮ ಪರದೆ ಬಿಚ್ಚಿಕೊಂಡು ಇಳಿಯಿತು. ನಾನು ಏಣಿಯ ಮೇಲಿನಿಂದ ನೋಡಿದ್ದ ಬೆಳದಿಂಗಳು ಎಲ್ಲೂ ಇರಲಿಲ್ಲ. ಹೊಳೆಯುವ ನೀಲಿ ಆಕಾಶ, ಕೆಳಗೆ ಸುಣ್ಣ ಬಳಿದಂಥ ಬಿಳಿ ದಾರಿ. ಅದರ ಮುಂದೆ ರಾಜ ಹೆಂಡತಿಯ ಕೈ ಹಿಡಿದು, "ಈ ಕಾರ್ಗತ್ತಲೆಯಲ್ಲಿ ದಾರಿ ಕಾಣದೆ ಕಂಗೆಟ್ಟೆನಲ್ಲಾ ಪ್ರಿಯೇ," ಎಂದ.

"ಅಗಲು ಕಣ್ಲಾ!" ಎಂದು ಯಾರೋ ಕೂಗಿದರು. "ಮಟಮಟ ಮಧ್ಯಾಹ್ನ! ಟೋಪಿ ಹಾಕ್ಕೊಂಡು ಓಗೋ ರಾಜಾ, ಬಿಸ್ಲು!"

ಇಡೀ ಜನ ಬಿದ್ದು ಬಿದ್ದು ನಕ್ಕರು. ರಾಣಿಯ ಪಾರ್ಟು ಮಾಡಿದವನಿಗೂ ನಗು ಬಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡ. ಮೇಷ್ಟ್ರು ಹಾರ್ಮೋನಿಯಂ ಬಿಟ್ಟು ನಮ್ಮ ಹತ್ತಿರ ಬಂದರು. ಮುಖ ಕೆಂಪಾಗಿತ್ತು.

"ಏನ್ ಸಾಮಿ ಇದು, ಇಂಗ್ ಮಾಡ್ಬುಟ್ರಿ? ನಿಮ್ಮಪ್ಪಾರು ಬರ್ದಿದ್ದು ಇಂಗಿರ್ನಿಲ್ಲ. ನಿಮ್ಗೇನು ಕಣ್ ಕಾಣಾಕಿಲ್ವಾ?"

ಆ ಮಾತು ನನ್ನ ಎದೆಗೆ ಹೊಕ್ಕಿತು. ಎದ್ದು ನಿಂತು, ಬರೆದದ್ದು ನಾನು, ಅವರನ್ನೇನೂ ಅನ್ನಬೇಡಿ ಎಂದು ಕೂಗಬೇಕೆನ್ನಿಸಿತು. ಕೂಗಿದ್ದರೆ ಅವರ ಹೆಸರು ಅಲ್ಲಿಗೇ ಮುಗಿಯುತ್ತಿತ್ತು. ತುಟಿ ಕಚ್ಚಿಕೊಂಡು ಯಜಮಾನರ ಕಡೆ ನೋಡಿದೆ.

ಅವರಿಗೆ ಮೇಷ್ಟ್ರ ಮಾತು ಕೇಳಿಸಿದ ಹಾಗೇ ಕಾಣಲಿಲ್ಲ. ಕತ್ತು ಮುಂದೆ ಚಾಚಿ ಪರದೆಯನ್ನೇ ನೋಡುತ್ತಿದ್ದರು. ಆಕಾಶದಿಂದ ಶುರುಮಾಡಿ, ಒಂದೊಂದೇ ಮರ, ಒಂದೊಂದೇ ನೆರಳು, ದಾರಿಯ ಅಂಚು, ಎಲ್ಲವನ್ನೂ ಮುಟ್ಟಿ ನೋಡುವ ಹಾಗೆ ಕಣ್ಣಾಡಿಸುತ್ತಿದ್ದರು. ದಾರಿ ತಿರುಗುವ ಜಾಗಕ್ಕೆ ಬಂದು ಕಣ್ಣು ನಿಂತಿತು.

"ಆ ಹಳದಿ ಚುಕ್ಕೆ," ಎಂದರು ನನ್ನ ಕಿವಿಯ ಹತ್ತಿರ ಬಾಗಿ. "ನಿಮ್ಮಪ್ಪ ಅಲ್ವಾ?"

ನಾನು ತಲೆಯಾಡಿಸಿದೆ.

"ಬಾವಿ ತಂಕ ಬಂದಿದ್ರು," ಎಂದರು.

ಆ ರಾತ್ರಿ ಗಾಡಿಯಲ್ಲಿ ಅವರೂ ಹಿಂದಕ್ಕೇ ನೋಡುತ್ತಿದ್ದರು ಎಂಬುದು ನನಗೆ ಮರೆತೇ ಹೋಗಿತ್ತು. ಇಷ್ಟು ವರ್ಷ ಅದು ನಾನೊಬ್ಬಳೇ ನೋಡಿದ ದಾರಿ ಎಂದುಕೊಂಡಿದ್ದೆ.

ಯಜಮಾನರು ಎದ್ದು ನಿಂತರು. "ಮೇಷ್ಟ್ರೇ, ಗ್ಯಾಸ್‌ಲೈಟು ಆರ್ಸಿ. ಪಂಜು ಹಚ್ಸಿ," ಎಂದರು, ಎಲ್ಲರಿಗೂ ಕೇಳುವ ಹಾಗೆ.

ನಗು ನಿಂತಿತು. ಮೇಷ್ಟ್ರು ಬೆಪ್ಪಾದರು. "ಮಕ್ಕಳುಮರಿಯೆಲ್ಲಾ ಕತ್ಲಲ್ಲಿ ಉಂಡು ಕೂಡಿಟ್ಟ ಎಣ್ಣೆ ಸಾಮಿ ಅದು. ಆರ್ಸಿ ಅಂದ್ರೆ ಊರು ಸುಮ್ಕಿರ್ತದಾ?"

"ಇದೊಂದು ಸೀನಿಗೆ ಆರ್ಸಿ. ಆಗ್ಲೂ ಅಗಲೇ ಕಂಡ್ರೆ ಪರದೆ ಇಲ್ಲೇ ಸುಟ್ಬುಡಿ. ನಾನು ಇನ್ಮೇಲೆ ಕುಂಚ ಮುಟ್ಟಾಕಿಲ್ಲ."

ನಾನು ಅವರ ಅಂಗಿ ಹಿಡಿದು ಜಗ್ಗಿದೆ. ಪರದೆ ಸುಡುವ ಮಾತಿಗಲ್ಲ. ಪಂಜಿನಲ್ಲಿ ಅದು ರಾತ್ರಿಯಾಗುತ್ತದೆ ಎಂದು ನನಗೆ ಖಾತ್ರಿ ಇತ್ತು, ಏಣಿ ಹತ್ತಿ ನೋಡಿದವಳು ನಾನು. ಆದರೆ ಪಂಜು ಹಚ್ಚಿದರೆ ಇವರಿಗೆ ಏನೂ ಕಾಣುವುದಿಲ್ಲ. ಈಗಷ್ಟೇ ಕಂಡಿದೆ, ಇನ್ನೊಂದಿಷ್ಟು ಹೊತ್ತು ನೋಡಲಿ ಎಂದು ನನ್ನ ಆಸೆ. ಜನ ನಕ್ಕರೆ ನಗಲಿ, ಹೆಸರು ಹೋದರೆ ಹೋಗಲಿ ಎನ್ನಿಸಿಬಿಟ್ಟಿತು.

"ಕೂತ್ಕಳಿ," ಎಂದೆ. "ನೀವು ನೋಡಿ."

"ನೋಡ್ದೆನಲ್ಲ," ಎಂದರು. "ಈಗ ಅವ್ರು ನೋಡ್ಲಿ."

ಮೇಷ್ಟ್ರು ಕೈ ಎತ್ತಿ ಸನ್ನೆ ಮಾಡಿದರು. ಒಂದು ಗ್ಯಾಸ್‌ಲೈಟು ಸುಯ್ಗುಟ್ಟುತ್ತ ಆರಿತು, ಆಮೇಲೆ ಇನ್ನೊಂದು. ಕತ್ತಲು ಕವಿಯಿತು. ಯಾವುದೋ ಮಗು ಅತ್ತಿತು. ಹೊಂಗೆ ಎಣ್ಣೆಯ ಘಾಟು ಬಂತು. ಎಡಗಡೆ ಒಂದು ಪಂಜು, ಬಲಗಡೆ ಒಂದು ಪಂಜು ಹೊತ್ತಿಕೊಂಡವು.

ನೀಲಿ ಒಳಕ್ಕೆ ಇಳಿದು ಹೋಗಿತ್ತು. ಬಿಳಿಯ ದಾರಿ ತಣ್ಣಗಾಗಿ, ಬೆಳದಿಂಗಳು ಬಿದ್ದ ಮಣ್ಣಾಗಿ, ಹುಣಸೆಮರಗಳ ನಡುವೆ ದೂರ ದೂರ ಹೋಗಿತ್ತು. ರಾಜನ ಪಾರ್ಟಿನವನು ಹಿಂದೆ ತಿರುಗಿ ನೋಡಿದವನು ತನ್ನ ಮಾತನ್ನೇ ಮರೆತು ನಿಂತ. ಹೆಂಗಸರ ಕಡೆಯಿಂದ ಒಬ್ಬ ಮುದುಕಿ, "ಅಯ್ಯೋ ಶಿವನೇ, ನಮ್ಮ ಮಿಡಿಗೇಶಿ ದಾರಿ ಕಣಮ್ಮ ಇದು, ಲಗ್ನ ಆಗಿ ನಾನ್ ಬಂದಿದ್ದು," ಎಂದು ಅಳತೊಡಗಿದಳು. ಪಾವಗಡದ ಕಡೆಯಿಂದ ನಾಟಕ ನೋಡಲು ಬಂದಿದ್ದ ಯಾರೋ, "ಇದಿ ಮಾ ದೋವೇ ಕದಾ!" ಎನ್ನುತ್ತ, ಇದು ತಮ್ಮೂರ ದಾರಿಯೆಂದು ತೆಲುಗಿನಲ್ಲಿ ಅಲ್ಲೇ ಜಗಳಕ್ಕೆ ನಿಂತರು. ಮೇಷ್ಟ್ರು ಹಾರ್ಮೋನಿಯಂ ಹತ್ತಿರ ಹೋಗಿ ಕೂತು ಶ್ರುತಿ ಹಿಡಿದರು.

ಕೊರಟಗೆರೆಯದು ಎಂದು ನಾನು ಯಾರಿಗೂ ಹೇಳಲಿಲ್ಲ.

ಯಜಮಾನರು ಕೂತರು. ಪಕ್ಕದಲ್ಲಿ ಕೈಯಾಡಿಸಿ ನನ್ನ ಸೆರಗು ಹುಡುಕಿ, ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಅವರ ಕಣ್ಣು ಪರದೆಯ ಕಡೆಗಿರಲಿಲ್ಲ, ಪಂಜಿನ ಕಡೆಗೂ ಇರಲಿಲ್ಲ, ಎತ್ತಲೋ ಇತ್ತು. ಜನ ಅಳುವ ಸದ್ದನ್ನು ಕೇಳುತ್ತಿದ್ದರು.

"ಹೆಂಗೈತೆ?" ಎಂದರು.

ಛತ್ರದಲ್ಲಿ ಹೇಳುತ್ತಿದ್ದ ಹಾಗೇ ಹೇಳಿದೆ. ಆಕಾಶ ಆಕಾಶದಂಗೇ ಐತೆ, ದಾರಿ ಮೇಲೆ ಬೆಳದಿಂಗಳು ಬಿದ್ದೈತೆ, ನೆರಳು ನೇರಳೆಯಾಗೇ ಐತೆ ಎಂದೆ.

"ಲಾಂದ್ರ?"

ಪಂಜಿನ ಬೆಳಕಿಗೆ ಹಳದಿ ಎಲ್ಲಕ್ಕಿಂತ ಬೆಳ್ಳಗಾಗುತ್ತದೆ. ಅಷ್ಟು ದೊಡ್ಡ ಪರದೆಯಲ್ಲಿ ಅದೊಂದೇ ಉರಿಯುತ್ತಿತ್ತು.

"ಉರೀತಾ ಐತೆ," ಎಂದೆ.

"ಅಂಗಾದ್ರೆ ಗಾಡಿ ಇನ್ನೂ ದೂರ ಓಗಿಲ್ಲ ಬುಡು," ಎಂದರು.

ನನ್ನ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಸೆರಗು ಅವರ ಕೈಯಲ್ಲಿತ್ತು. ಬಿಡಿಸಿಕೊಳ್ಳಲಿಲ್ಲ, ಹಾಗೇ ಬಿಟ್ಟೆ.